ಅಮ್ಮನಿಗೆ ಕೊಡೋ ಬಾಡಿಗೆ

ಬೈಬಲ್ ತೆಗೀರಿ. ಮೊಬೈಲಲ್ಲಿ ಓದೋರು ಮೊಬೈಲ್ ತೆಗೀರಿ, ವಾಟ್ಸಾಪ್ ಬೇಡ. ಯೆರೆಮೀಯ 32ನೇ ಅಧ್ಯಾಯ, 6ರಿಂದ 15ನೇ ವಚನಗಳು.

ಜನವರಿ ಬಂತು ಅಂದ್ರೆ ನಿಮ್ಮ ಕಂಪನಿಗಳಲ್ಲಿ ಎಚ್‌ಆರ್‌ನಿಂದ ಮೇಲ್ ಬರುತ್ತೆ: ಬಾಡಿಗೆ ರಸೀದಿ ಕೊಡಿ, ಇಲ್ಲದಿದ್ರೆ ಫೆಬ್ರವರಿ, ಮಾರ್ಚ್ ಸಂಬಳದಲ್ಲಿ ತೆರಿಗೆ ಕಟ್ ಆಗುತ್ತೆ. ಆಗ ಯೌವನಸ್ಥರು ಬಂದು ನನ್ನನ್ನ ಕೇಳ್ತಾರೆ, "ಪಾಸ್ಟರ್, ನಾನು ಅಪ್ಪ ಅಮ್ಮನ ಮನೇಲೇ ಇದ್ದೀನಿ. ಅವರಿಗೆ ಬಾಡಿಗೆ ಕೊಡ್ತಿದ್ದೀನಿ ಅಂತ ತೋರಿಸಿ ಎಚ್‌ಆರ್‌ಎ ವಿನಾಯಿತಿ ತಗೋಬಹುದಾ? ಪಾಪ ಆಗುತ್ತಾ?"

ಪ್ರಿಯರೇ, ಉತ್ತರ ಆ ಪ್ರಶ್ನೆಯ ಒಂದೇ ಪದದಲ್ಲಿದೆ. ಕೊಟ್ಟು ತಗೋಬಹುದು. ತೋರಿಸಿ ತಗೋಬಾರದು.

ಮೊದಲು ಒಂದು ಭಯ ತೆಗೆದುಬಿಡ್ತೀನಿ. ಹೆತ್ತವರಿಗೆ ಬಾಡಿಗೆ ಕೊಡೋದನ್ನ ಕಾನೂನು ತಪ್ಪು ಅನ್ನಲ್ಲ. ಹಳೇ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿ ಇದೆ. ಹೊಸ ಪದ್ಧತಿಯಲ್ಲಿ ಇರೋರಿಗೆ ಇಲ್ಲ. ಮನೆ ಅವರ ಹೆಸರಲ್ಲಿರಬೇಕು. ನಿಮ್ಮದೇ ಮನೆಗೆ ನೀವು ಬಾಡಿಗೆದಾರರಾಗೋಕೆ ಆಗಲ್ಲ. ನೀವು ಅಲ್ಲೇ ವಾಸವಿರಬೇಕು, ದುಡ್ಡು ನಿಜವಾಗಿ ಅವರ ಕೈ ಸೇರಬೇಕು. 2017ರಲ್ಲಿ ಮುಂಬೈನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ, ತಾಯಿಗೆ ನಗದಾಗಿ ಬಾಡಿಗೆ ಕೊಟ್ಟೆ ಎಂದ ಒಬ್ಬ ಮಗಳ ವಿನಾಯಿತಿಯನ್ನ ತಳ್ಳಿಹಾಕಿತು. ತಾಯಿ ಅನ್ನೋದು ಅಲ್ಲಿ ಅಡ್ಡಿಯಾಗಲಿಲ್ಲ. ಬಾಡಿಗೆ ಕೊಟ್ಟಿದ್ದಕ್ಕೆ ನಂಬುವಂಥ ಪುರಾವೆ ಇರಲಿಲ್ಲ.

ಈಗ ವಾಕ್ಯಕ್ಕೆ ಬನ್ನಿ. ಯೆರೂಸಲೇಮಿನ ಸುತ್ತ ಬಾಬೆಲಿನ ಸೈನ್ಯ. ಯೆರೆಮೀಯ ಕಾರಾಗೃಹದ ಅಂಗಳದಲ್ಲಿ ಸೆರೆಯಾಳು. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರೋ ನನ್ನ ಹೊಲ ಕೊಂಡುಕೋ ಅಂತಾನೆ. ಮನೆಯವನೇ ಅಲ್ವಾ, ಬಾಯಿಮಾತಲ್ಲೇ ಮುಗಿಸಬಹುದಿತ್ತು. ನಗರವೇ ಬೀಳೋ ಹೊತ್ತಲ್ಲಿ ಪತ್ರ ಕೇಳೋರು ಯಾರು? ಆದ್ರೆ ಪ್ರವಾದಿ ಏನ್ಮಾಡಿದ ನೋಡಿ. 17 ಶೆಕೆಲ್ ಬೆಳ್ಳಿಯನ್ನ ತಕ್ಕಡಿಯಲ್ಲಿ ತೂಗಿ ಕೊಟ್ಟ. ಪತ್ರ ಬರೆದು ಮುದ್ರೆ ಹಾಕಿದ. ಸಾಕ್ಷಿಗಳ ಸಹಿ ಹಾಕಿಸಿದ. ಮುದ್ರೆ ಹಾಕಿದ್ದೊಂದು, ತೆರೆದಿದ್ದೊಂದು, ಎರಡೂ ಪತ್ರಗಳನ್ನ ಬಾರೂಕನ ಕೈಯಲ್ಲಿ ಮಣ್ಣಿನ ಪಾತ್ರೆಯಲ್ಲಿ ಇಡಿಸಿದ. ಹಲ್ಲೆಲೂಯಾ! ಸಂಬಂಧಿಕ ಅಂತ ತಕ್ಕಡಿ ಪಕ್ಕಕ್ಕಿಡಲಿಲ್ಲ. ಅಷ್ಟು ಶುದ್ಧವಾಗಿ ನಡೆದ ವ್ಯವಹಾರವನ್ನೇ ದೇವರು, ಈ ದೇಶದಲ್ಲಿ ಜನ ಮತ್ತೆ ಮನೆ, ಹೊಲ ಕೊಳ್ಳುವರು ಅನ್ನೋ ವಾಗ್ದಾನಕ್ಕೆ ಗುರುತಾಗಿ ಮಾಡಿದ.

ಇನ್ನೊಂದು ಕಡೆ ತಿರುಗಿಸಿ, ಮಾರ್ಕ 7. ಹೆತ್ತವರಿಗೆ ಸಲ್ಲಬೇಕಾದ್ದನ್ನ ಕೆಲವರು "ಕೊರ್ಬಾನ್", ಅಂದ್ರೆ ದೇವರಿಗೆ ಮುಡಿಪು ಅಂತ ಹೇಳಿ ತಪ್ಪಿಸಿಕೊಳ್ತಿದ್ರು. ಯೇಸುಸ್ವಾಮಿ ಅವರನ್ನ ಗದರಿಸಿದ. ಇವತ್ತು ನಮ್ಮ ಕೊರ್ಬಾನ್ ಯಾವುದು ಗೊತ್ತಾ? ರೆವಿನ್ಯೂ ಸ್ಟಾಂಪ್ ಅಂಟಿಸಿದ ರಸೀದಿ! "ಅಮ್ಮನಿಗೆ 15,000 ಸಂದಾಯವಾಗಿದೆ" ಅಂತ ಕಾಗದ ಹೇಳುತ್ತೆ. ಅಮ್ಮನ ಕೈ ಖಾಲಿ. ಮೊಣಕಾಲು ನೋವಿನ ಮಾತ್ರೆಗೂ ಮಗನ ಮುಖ ನೋಡ್ತಾಳೆ. ಆ ಮಗ ಬಂದು, "ಇಲ್ಲೊಂದು ಸೈನ್ ಹಾಕಮ್ಮ" ಅಂತಾನೆ. "ಏನಪ್ಪಾ ಇದು?" ಅಂದ್ರೆ "ಸುಮ್ನೆ ಹಾಕು, ಆಫೀಸಿಗೆ ಬೇಕು". ನಿನಗೋಸ್ಕರ ಉಪವಾಸ ಇದ್ದು ಪ್ರಾರ್ಥಿಸಿದ ಕೈಯಿಂದ ಹನ್ನೆರಡು ಸುಳ್ಳಿಗೆ ಸಹಿ ಹಾಕಿಸ್ತಿದ್ದೀಯ! ಆದಾಯ ಮುಚ್ಚಿಟ್ಟು ಸುಳ್ಳು ಲೆಕ್ಕ ಕೊಟ್ರೆ ತಪ್ಪಿಸಿದ ತೆರಿಗೆಯ ಮೇಲೆ ಶೇ. 200ರಷ್ಟು ದಂಡ ಬೀಳಬಹುದು. ನನಗೆ ಅದಕ್ಕಿಂತ ಭಯ ಆ ಸಹಿಯದ್ದು.

ಕೆಲವರು ಇನ್ನೂ ಬುದ್ಧಿವಂತರು. ಒಂದನೇ ತಾರೀಖು ಅಮ್ಮನ ಅಕೌಂಟಿಗೆ ಹಾಕ್ತಾರೆ, ಮೂರನೇ ತಾರೀಖು ಅದೇ ದುಡ್ಡು ವಾಪಸ್ ಬರುತ್ತೆ. ಬ್ಯಾಂಕ್ ಸ್ಟೇಟ್‌ಮೆಂಟ್ ಚೆನ್ನಾಗಿದೆ. ಅಪೊಸ್ತಲರ ಕೃತ್ಯಗಳು 5ರಲ್ಲಿ ಅನನೀಯ, ಸಪ್ಫೈರ ಕೂಡ ಚೆನ್ನಾಗೇ ತೋರಿಸಿದ್ರು. ಹೊಲ ಅವರದೇ, ಮಾರಿದ ದುಡ್ಡೂ ಅವರದೇ. ಸ್ವಲ್ಪ ಇಟ್ಟುಕೊಂಡಿದ್ದೀವಿ ಅಂತ ಹೇಳಿದ್ದಿದ್ರೆ ಸಾಕಿತ್ತು. ಪೂರ್ತಿ ತಂದಿದ್ದೀವಿ ಅಂತ ತೋರಿಸಿಕೊಂಡ್ರು. ಪವಿತ್ರಾತ್ಮನನ್ನ ವಂಚಿಸೋಕೆ ಆಗಲಿಲ್ಲ.

ಹಾಗಾದ್ರೆ ಹೇಗೆ ಮಾಡಬೇಕು? ಬರ್ಕೊಳ್ಳಿ. ಆ ಭಾಗದಲ್ಲಿ ನಡೆಯೋ ಬಾಡಿಗೆಯಷ್ಟೇ ನಿಗದಿ ಮಾಡಿ, ಕರಾರು ಬರೆಸಿ. ತಿಂಗಳು ತಿಂಗಳು ಬ್ಯಾಂಕ್ ಮೂಲಕ ಕಳಿಸಿ. ವರ್ಷಕ್ಕೆ 1 ಲಕ್ಷ ಮೀರಿದ್ರೆ ಮನೆ ಮಾಲೀಕರಾದ ಅಪ್ಪ ಅಥವಾ ಅಮ್ಮನ ಪ್ಯಾನ್ ಕೊಡಬೇಕು. ನಿಮ್ಮ ಬೇಸಿಕ್ ಸಂಬಳ ವರ್ಷಕ್ಕೆ 6 ಲಕ್ಷ, ಬಾಡಿಗೆ 1,80,000 ಅನ್ಕೊಳ್ಳಿ. ಬಾಡಿಗೆಯಿಂದ ಸಂಬಳದ ಶೇ. 10, ಅಂದ್ರೆ 60,000 ಕಳೆದ್ರೆ 1,20,000. ನಿಮಗೆ ಬರೋ ಎಚ್‌ಆರ್‌ಎ ಅದಕ್ಕಿಂತ ಹೆಚ್ಚಿದ್ರೂ ವಿನಾಯಿತಿ ಅಷ್ಟಕ್ಕೇ. ಆ ಕಡೆ ಅಮ್ಮ ತನ್ನ ರಿಟರ್ನ್‌ನಲ್ಲಿ ಬಾಡಿಗೆ ಆದಾಯ ತೋರಿಸಬೇಕು. ಅದರಲ್ಲಿ ರಿಪೇರಿ ಖರ್ಚಿಗೆ ಅಂತ ಶೇ. 30 ಕಾನೂನೇ ಬಿಡುತ್ತೆ. ಉಳಿದ 1,26,000 ಆಕೆಯ ಆದಾಯಕ್ಕೆ ಸೇರುತ್ತೆ. ಇದನ್ನೆಲ್ಲ ಮೊದಲು ಆಕೆಗೆ ಬಿಡಿಸಿ ಹೇಳಿ. ಬೇಡ ಅಂದ್ರೆ ಬಲವಂತ ಮಾಡಬೇಡಿ. ಮನೆಯಲ್ಲಿ ತಂಗಿ ತಮ್ಮ ಇದ್ರೆ ಅವರಿಗೂ ತಿಳಿಸಿ; ನಾಳೆ ಆಸ್ತಿ ವಿಷಯದಲ್ಲಿ ಸಂಶಯ ಬರಬಾರದು.

ನಮ್ಮ ಸಭೆಯ ಒಬ್ಬ ಸಹೋದರ ಹೀಗೇ ಶುರುಮಾಡಿದ. ಅವನ ಅನುಮತಿ ತಗೊಂಡು ಹೇಳ್ತಿದ್ದೀನಿ. ಮೂರು ತಿಂಗಳು ಆದ್ಮೇಲೆ ಬಂದು, "ಪಾಸ್ಟರ್, ಅಮ್ಮ ಆ ದುಡ್ಡಲ್ಲಿ ಊರಲ್ಲಿರೋ ತನ್ನ ಅಕ್ಕನಿಗೆ ಕಳಿಸ್ತಿದ್ದಾರೆ, ನನ್ನ ಕೇಳಲೇ ಇಲ್ಲ" ಅಂದ. ಸ್ವಲ್ಪ ಬೇಜಾರು ಅವನಿಗೆ. ನಾನು ಹೇಳಿದೆ, "ಸ್ತೋತ್ರ ಹೇಳಪ್ಪಾ! ಈಗ ಅದು ನಿಜವಾದ ಬಾಡಿಗೆ ಆಯ್ತು." ಕೊಟ್ಟ ಮೇಲೆ ಲೆಕ್ಕ ಕೇಳೋ ಹಕ್ಕು ನಿನಗಿಲ್ಲ ಅಂದ್ರೆ, ಅದು ಆಕೆಯ ದುಡ್ಡು.

ಇದು ನಿಮ್ಮಲ್ಲಿ ಕೆಲವರಿಗೆ ಕಷ್ಟ, ನನಗೆ ಗೊತ್ತು. ಬೈಕ್ ಇಎಂಐ, ಕ್ರೆಡಿಟ್ ಕಾರ್ಡ್, ಎಲ್ಲಾ ಕಟ್ಟಿ ಉಳಿಯೋದೇ ಕಡಿಮೆ. ಕೊಡೋಕೆ ಆಗಲ್ವಾ? ಕೊಡಬೇಡಿ, ವಿನಾಯಿತಿಯನ್ನೂ ಕೇಳಬೇಡಿ. ಅಮ್ಮನ ಮನೇಲಿ ಉಚಿತವಾಗಿ ಇರೋದು ಅವಮಾನ ಅಲ್ಲ, ಅದು ಕೃಪೆ. ಆ ಕೃಪೆಗೆ ಸುಳ್ಳು ರಸೀದಿ ಅಂಟಿಸಬೇಡಿ. ಈಗಾಗಲೇ ಕೊಟ್ಟುಬಿಟ್ಟಿದ್ರೆ, ಜಕ್ಕಾಯನನ್ನ ನೆನಪಿಸ್ಕೊಳ್ಳಿ. ಅವನು ಎದ್ದು ನಿಂತು, ಹಿಂದಕ್ಕೆ ಕೊಡ್ತೀನಿ ಅಂದ. ಎಚ್‌ಆರ್‌ಗೆ ಹೇಳಿ ತಿದ್ದಿಸಿ, ತೆರಿಗೆ ಕಟ್ಟಿ. ರಿಟರ್ನ್ ಸಲ್ಲಿಸಿದ್ರೆ ಆಡಿಟರ್ ಹತ್ರ ಹೋಗಿ ಸರಿಪಡಿಸಿ. ಒಬ್ಬರೇ ಹೋಗೋಕೆ ಹೆದರಿಕೆ ಆದ್ರೆ ಆರಾಧನೆ ಮುಗಿದ ಮೇಲೆ ನನ್ನ ಹತ್ರ ಬನ್ನಿ, ಒಟ್ಟಿಗೆ ಹೋಗೋಣ.

ಎದ್ದು ನಿಲ್ಲಿ, ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮ್ಮ ಹೆತ್ತವರಿಗಾಗಿ ನಿನಗೆ ಸ್ತೋತ್ರ. ನಮಗೆ ಅವರು ಕೊಟ್ಟ ಸೂರಿಗಾಗಿ ಸ್ತೋತ್ರ. ಅವರ ಕೈಗಳನ್ನು ನಮ್ಮ ಸುಳ್ಳಿಗೆ ಬಳಸದಂತೆ ನಮ್ಮನ್ನು ಕಾಯಿ. ಸರಿಪಡಿಸಬೇಕಾದವರಿಗೆ ಈ ವಾರವೇ ಧೈರ್ಯ ಕೊಡು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ, ಆಮೆನ್.