ಕುಂಟುವ ಕುದುರೆ ಮತ್ತು ನಮ್ಮ ದಯೆ

ನೋವನ್ನು ಶಮನಗೊಳಿಸುವುದು ಪುಣ್ಯಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾರ ನೋವನ್ನು ಯಾರ ಪ್ರಯೋಜನಕ್ಕಾಗಿ ಶಮನಗೊಳಿಸುತ್ತೇವೆ ಎಂಬ ಪ್ರಶ್ನೆಯನ್ನೆತ್ತಿದೊಡನೆ ವಿಷಯವು ಅಷ್ಟು ಸರಳವಾಗಿ ಉಳಿಯುವುದಿಲ್ಲ. ಮನುಷ್ಯನು ತನ್ನ ನೋವಿಗೆ ತಾನೇ ಔಷಧವನ್ನು ಸೇವಿಸಿ ಕೆಲಸಕ್ಕೆ ಹೊರಟರೆ ಅದು ಅವನ ಇಚ್ಛೆ. ಅದರ ಫಲವೂ ಅವನದೇ. ನಮ್ಮ ಹೊರೆಯನ್ನು ಹೊರುವ ಮೂಕಪ್ರಾಣಿಗೆ ನಾವು ಔಷಧವನ್ನು ಕುಡಿಸಿ ಮತ್ತೆ ಗಾಡಿಗೆ ಹೂಡಿದರೆ ಅದನ್ನು ದಯೆಯೆನ್ನಬೇಕೆ, ಸ್ವಾರ್ಥವೆನ್ನಬೇಕೆ? ಕುದುರೆಯ ಕೀಲುನೋವಿನ ಉಪಚಾರವನ್ನು ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸೋಣ.

ಮೊದಲು ಶರೀರದ ವಿಚಾರ. ಸುಮ್ಮನೆ ನಿಂತ ಕುದುರೆಯ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಅದರ ಮುಂಗಾಲುಗಳ ಮೇಲಿರುತ್ತದೆ. ನಾಗಾಲೋಟದಲ್ಲಿಯಾದರೋ, ಇಡೀ ದೇಹದ ತೂಕದ ಎರಡು ಪಟ್ಟಿಗೂ ಮಿಗಿಲಾದ ಒತ್ತಡವು ಕ್ಷಣಕಾಲ ಒಂದೇ ಕಾಲಿನ ಮೇಲೆ ಬೀಳುತ್ತದೆ. ಈ ಒತ್ತಡವನ್ನು ತಾಳಿಕೊಳ್ಳುವುದಕ್ಕೆ ಕೀಲಿನಲ್ಲಿ ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯೂ, ಅವುಗಳ ನಡುವೆ ಎಣ್ಣೆಯಂತೆ ಜಾರುವ ಮಂದವಾದ ದ್ರವವೂ ಇವೆ. ಆಯಾಸವು ಮಿತಿಮೀರಿದಾಗ ಕೀಲಿನ ಒಳಪೊರೆಗೆ ಉರಿಯೂತ ಬರುತ್ತದೆ. ಕೀಲು ಬಿಸಿಯಾಗಿ ಬಾತುಕೊಳ್ಳುತ್ತದೆ. ಒಳಗಿನ ದ್ರವವು ತೆಳುವಾಗಿ ತನ್ನ ಗುಣವನ್ನು ಕಳೆದುಕೊಳ್ಳುತ್ತದೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲವಾದುದರಿಂದ ಅದು ಒಮ್ಮೆ ಸವೆದರೆ ಮತ್ತೆ ಮೊದಲಿನಂತಾಗುವುದು ದುರ್ಲಭ. ಅದರಲ್ಲಿ ನರಗಳೂ ಇಲ್ಲ. ಆದುದರಿಂದ ಸವೆಯುವ ಭಾಗವು ತನ್ನ ಸವೆತವನ್ನು ತಾನು ಸಾರಲಾರದು. ಸುತ್ತಲಿನ ಪೊರೆಯೂ ಮೂಳೆಯೂ ನೊಂದು ಕೂಗಿಕೊಂಡಾಗಲೇ ಪ್ರಾಣಿಗೆ ಅಪಾಯದ ಅರಿವಾಗುವುದು. ಕುಂಟುವಿಕೆ ಎಂಬುದು ಆ ಕೂಗು.

ಇದಕ್ಕೆ ಅನುಭವವೂ ಶಾಸ್ತ್ರವೂ ಒಪ್ಪಿದ ಉಪಚಾರಗಳುಂಟು. ಹೊಸ ಬಾವಿಗೆ ದಿನಕ್ಕೆ ಹಲವು ಸಲ, ಸಲಕ್ಕೆ 15–20 ನಿಮಿಷ, ತಣ್ಣೀರನ್ನು ಹರಿಯಬಿಡಬೇಕು; ಕೆಲಸವನ್ನು ನಿಲ್ಲಿಸಬೇಕು; ಬಾವು ಇಳಿದ ಮೇಲೆ ಮೆತ್ತನೆಯ ನೆಲದಲ್ಲಿ ಮೆಲ್ಲಗೆ ನಡೆಸಬೇಕು. ಗೊರಸು ಒಂದು ಕಡೆಗೆ ಬೆಳೆದರೆ ಕಾಲು ಓರೆಯಾಗಿ ಊರಿ ಕೀಲಿಗೆ ಪೆಟ್ಟಾಗುವುದರಿಂದ 6–8 ವಾರಗಳಿಗೊಮ್ಮೆ ಗೊರಸನ್ನು ಸವರಿ ಲಾಳವನ್ನು ಸರಿಪಡಿಸಬೇಕು. ಬೊಜ್ಜು ಬೆಳೆದ ಕುದುರೆಯ ಮೇವನ್ನು ಮಿತಗೊಳಿಸಬೇಕು. ಮುದಿ ಕುದುರೆಯ ಹಳೆಯ ಕೀಲುನೋವಿಗಾದರೆ ಲಾಯದಲ್ಲಿ ಕಟ್ಟಿಹಾಕುವುದು ಹಿತವಲ್ಲ. ನಿತ್ಯವೂ ಬಯಲಿನಲ್ಲಿ ನಿಧಾನವಾಗಿ ಅಡ್ಡಾಡಿದರೆ ಕೀಲು ಬಿಗಿಯುವುದಿಲ್ಲ. ಈ ಉಪಚಾರಗಳಲ್ಲಿ ಯಾವುದೂ ದುಬಾರಿಯಲ್ಲ. ಆದರೆ ಎಲ್ಲವೂ ಒಂದನ್ನು ಕೇಳುತ್ತವೆ: ಕಾಲಾವಕಾಶ. ಕುದುರೆ ದುಡಿಯದ ದಿನಗಳನ್ನು ಒಡೆಯನು ತನ್ನ ಲೆಕ್ಕದಿಂದ ಬಿಟ್ಟುಕೊಡಬೇಕು.

ಕಾಲವನ್ನು ಕೇಳದ ಉಪಚಾರವೂ ಇದೆ. 1949ರಲ್ಲಿ ಮನುಷ್ಯರ ಸಂಧಿವಾತಕ್ಕೆಂದು ಬಳಕೆಗೆ ಬಂದ ಫಿನೈಲ್‌ಬ್ಯುಟಝೋನ್ ಎಂಬ ಔಷಧವು ಬಳಿಕ ಕುದುರೆಗಳಿಗೂ ಬಂದಿತು. ಅದು ಉರಿಯೂತವನ್ನು ತಗ್ಗಿಸಿ ನೋವನ್ನು ಅಡಗಿಸುತ್ತದೆ. ನಿನ್ನೆ ಕುಂಟುತ್ತಿದ್ದ ಪ್ರಾಣಿ ಇಂದು ನೆಟ್ಟಗೆ ನಡೆಯುತ್ತದೆ. ಅಳತೆ ಮೀರಿದರೆ ಜಠರದಲ್ಲಿಯೂ ಕರುಳಿನಲ್ಲಿಯೂ ಹುಣ್ಣುಗಳನ್ನು ಮಾಡುತ್ತದೆ; ಮೂತ್ರಪಿಂಡಗಳಿಗೂ ಕೇಡು. ಆದರೂ ವೈದ್ಯನ ಕೈಯಲ್ಲಿ ಅದು ಬಹಳ ಉಪಕಾರಿಯಾದ ವಸ್ತು. ದೋಷವಿರುವುದು ಔಷಧದಲ್ಲಲ್ಲ, ನೋವು ಅಡಗಿದ ಮೇಲೆ ನಾವು ಆ ಪ್ರಾಣಿಯನ್ನು ಎಲ್ಲಿಗೆ ಕರೆದೊಯ್ಯುತ್ತೇವೆ ಎಂಬುದರಲ್ಲಿ.

ಅಮೆರಿಕೆಯ ಒಂದು ಪ್ರಸಂಗ ಇದನ್ನು ಸ್ಪಷ್ಟಪಡಿಸುತ್ತದೆ. 1968ರ ಮೇ ತಿಂಗಳಿನಲ್ಲಿ ಕೆಂಟಕಿ ಡರ್ಬಿ ಎಂಬ ಪ್ರಸಿದ್ಧ ಪಂದ್ಯದಲ್ಲಿ ಡ್ಯಾನ್ಸರ್ಸ್ ಇಮೇಜ್ ಎಂಬ ಬೂದುಬಣ್ಣದ ಕುದುರೆ ಮೊದಲನೆಯದಾಗಿ ಬಂದಿತು. ಅದರ ಮುಂಗಾಲಿನ ಗೆಣ್ಣುಗಳು ಮೊದಲಿನಿಂದಲೂ ನೋಯುತ್ತಿದ್ದುವು. ಓಟಕ್ಕೆ ಕೆಲವು ದಿನ ಮುಂಚೆ ಅದಕ್ಕೆ ಇದೇ ಔಷಧವನ್ನು ಕೊಡಲಾಗಿತ್ತು. ಓಟದ ಹೊತ್ತಿಗೆ ಅದು ದೇಹದಿಂದ ಇಳಿದುಹೋಗಿರುವುದೆಂದು ಎಣಿಸಿದ್ದರು. ಆದರೆ ಮೂತ್ರಪರೀಕ್ಷೆಯಲ್ಲಿ ಅದರ ಅಂಶ ಕಾಣಿಸಿಕೊಂಡಿತು. ಬಹುಮಾನವು ಎರಡನೆಯದಾಗಿ ಬಂದ ಫಾರ್ವರ್ಡ್ ಪಾಸ್ ಎಂಬ ಕುದುರೆಯ ಪಾಲಾಯಿತು. ನ್ಯಾಯಾಲಯಗಳಲ್ಲಿ ವ್ಯಾಜ್ಯವು 1972ರ ವರೆಗೆ ನಡೆಯಿತು. ಪರೀಕ್ಷೆ ಸರಿಯೇ, ನಿಯಮಭಂಗವಾಯಿತೇ, ಹಣ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಗಳನ್ನು ವರ್ಷಗಟ್ಟಲೆ ಚರ್ಚಿಸಿದರು. ಕೆಲವು ವರ್ಷಗಳ ಬಳಿಕ ಆ ಸಂಸ್ಥಾನದಲ್ಲಿಯೇ ಆ ಔಷಧಕ್ಕೆ ಅನುಮತಿಯೂ ದೊರೆಯಿತು. ಮೊದಲು ಅಪರಾಧವಾಗಿದ್ದುದು ಅನಂತರ ಅಪರಾಧವಾಗಲಿಲ್ಲ. ನಿಯಮ ಬದಲಾಯಿತು, ಕುದುರೆಯ ಗೆಣ್ಣು ಬದಲಾಗಲಿಲ್ಲ. ಪಾಪ, ಆ ಕುದುರೆಯ ಓಟದ ಬಾಳು 1968ರಲ್ಲಿಯೇ ಗೆಣ್ಣಿನ ನೋವಿನಿಂದಲೇ ಮುಗಿದಿತ್ತು. ನಿಯಮವು ಪಂದ್ಯದ ನ್ಯಾಯವನ್ನು ಕಾಯಬಲ್ಲುದು. ಪ್ರಾಣಿಯ ನ್ಯಾಯವನ್ನು ಕಾಯುವ ಹೊಣೆ ಬೇರೆಯವರದು.

ಕುದುರೆ ಮಾತನಾಡದು, ಆದುದರಿಂದ ಅದರ ಮನಸ್ಸನ್ನು ನಾವು ಹೇಗೆ ತಿಳಿಯಬೇಕು ಎಂದು ಕೆಲವರು ಆಕ್ಷೇಪಿಸಬಹುದು. ಹುಲ್ಲುಗಾವಲಿನಲ್ಲಿ ಬೇಟೆಮೃಗಗಳಿಗೆ ಅಂಜಿ ಬಾಳಿದ ಜಾತಿಯಾದುದರಿಂದ ಅದು ನೋವನ್ನು ಮರೆಮಾಚುವುದೂ ನಿಜ. ಆದರೂ ಮರೆಮಾಚಲಾಗದ ಕುರುಹುಗಳಿವೆ. 2014ರಲ್ಲಿ ಯೂರೋಪಿನ ಸಂಶೋಧಕರು ಕುದುರೆಯ ಮುಖದಲ್ಲಿ ನೋವನ್ನು ಗುರುತಿಸುವ ಆರು ಲಕ್ಷಣಗಳನ್ನು ನಿರೂಪಿಸಿದರು: ಬಿಗಿಯಾಗಿ ಹಿಂದಕ್ಕೆ ಸರಿದ ಕಿವಿ, ಕಿರಿದಾದ ಕಣ್ಣು, ಕಣ್ಣಿನ ಮೇಲ್ಭಾಗದ ಬಿಗಿತ, ಸೆಟೆದ ದವಡೆ, ಬಿಗಿದ ತುಟಿ ಮತ್ತು ಗದ್ದ, ಅಗಲಗೊಂಡ ಮೂಗಿನ ಹೊಳ್ಳೆ. ಪಾಠಶಾಲೆಯಲ್ಲಿ ಬಾಯಿಬಿಡದ ಮಗುವಿನ ಸಂಕಟವನ್ನು ಮುಖದಿಂದಲೇ ಅರಿಯುವ ಉಪಾಧ್ಯಾಯರಿಗೆ ಇದು ಹೊಸದೆನಿಸದು. ಭಾಷೆಯಿಲ್ಲವೆಂಬುದು ಕೇಳದಿರುವುದಕ್ಕೆ ನೆಪವಾಗಲಾರದು.

ಹಾಗಾದರೆ ನೊಂದ ಪ್ರಾಣಿಯನ್ನು ಮತ್ತೆಂದೂ ದುಡಿಸಬಾರದೆ? ಮಹಾಭಾರತದ ದ್ರೋಣಪರ್ವದ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಸೂರ್ಯಾಸ್ತದೊಳಗೆ ಜಯದ್ರಥನನ್ನು ಕೊಲ್ಲದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಅರ್ಜುನನು ಪ್ರತಿಜ್ಞೆ ಮಾಡಿದ್ದಾನೆ. ಆ ದಿನ ಅವನಿಗೆ ಒಂದೊಂದು ಗಳಿಗೆಯೂ ಪ್ರಾಣಕ್ಕೆ ಸಮ. ಆದರೂ ಕುದುರೆಗಳು ಬಾಣಗಳಿಂದ ನೊಂದು ಬಳಲಿದುದನ್ನು ಕಂಡು ರಣದ ನಡುವೆಯೇ ರಥ ನಿಲ್ಲುತ್ತದೆ. ಅರ್ಜುನನು ನೆಲಕ್ಕಿಳಿದು ಶತ್ರುಗಳನ್ನು ತಡೆಯುತ್ತಾನೆ. ಬಾಣದಿಂದ ನೆಲವನ್ನು ಸೀಳಿ ನೀರನ್ನು ಬರಿಸುತ್ತಾನೆ. ಕೃಷ್ಣನು ಕುದುರೆಗಳನ್ನು ಬಿಚ್ಚಿ, ನೆಟ್ಟ ಬಾಣಗಳನ್ನು ತನ್ನ ಕೈಯಿಂದಲೇ ಕಿತ್ತು, ಮೈಯನ್ನು ತಿಕ್ಕಿ, ನೀರು ಕುಡಿಸುತ್ತಾನೆ. ಬಳಿಕ ಅವು ಮತ್ತೆ ರಥವನ್ನೆಳೆಯುತ್ತವೆ. ಇಲ್ಲಿ ದುಡಿಮೆ ನಿಲ್ಲಲಿಲ್ಲವೆಂಬುದು ನಿಜ. ಆದರೆ ಆ ವಿಶ್ರಾಂತಿಯ ಬೆಲೆಯನ್ನು ತೆತ್ತವರು ಯಾರು? ಅರ್ಜುನನು ತನ್ನ ಪ್ರಾಣದ ಪಣದಲ್ಲಿದ್ದ ಕಾಲವನ್ನೇ ಅವುಗಳಿಗೆ ಕೊಟ್ಟನು. ನಾವು ಅರಸುತ್ತಿದ್ದ ಒರೆಗಲ್ಲು ಇದೇ ಎಂದು ತೋರುತ್ತದೆ. ಉಪಚಾರದಲ್ಲಿ ಒಡೆಯನು ತನ್ನದೇನನ್ನಾದರೂ ಬಿಟ್ಟುಕೊಟ್ಟರೆ ಅದು ದಯೆ; ಏನನ್ನೂ ಬಿಟ್ಟುಕೊಡದೆ ಪ್ರಾಣಿಯ ಕೂಗನ್ನು ಮಾತ್ರ ಅಡಗಿಸಿದರೆ ಅದು ಯಂತ್ರಕ್ಕೆ ಎಣ್ಣೆ ಹಾಕಿದಂತೆ. ಮುದಿ ಕುದುರೆ ಮೇಯಲು ನಡೆಯುವಂತಾಗಲೆಂದು ಕೊಡುವ ಗುಳಿಗೆಯೂ, ಪಂದ್ಯಕ್ಕೆ ಓಡಲೆಂದು ಕೊಡುವ ಗುಳಿಗೆಯೂ ಒಂದೇ ಆಗಿರಬಹುದು; ಕೊಡುವ ಕಾರ್ಯಗಳು ಒಂದೇ ಅಲ್ಲ.

ಇಲ್ಲಿ ಒಂದು ಕಠಿಣವಾದ ಆಕ್ಷೇಪಣೆಯುಂಟು. ಅರ್ಜುನನು ರಾಜಪುತ್ರ, ಬಡವನು ಏನು ಮಾಡಬೇಕು? ಹಿಂದೆ ಜಟಕಾದವನಿಗೆ ಹೇಗೋ ಹಾಗೆ ಇಂದು ಇಟ್ಟಿಗೆ ಭಟ್ಟಿಯಲ್ಲಿ ಹೊರೆ ಹೊರಿಸುವವನಿಗೂ, ಗಿರಿಧಾಮಗಳಲ್ಲಿ ಪ್ರವಾಸಿಗಳಿಗೆ ಸವಾರಿ ಮಾಡಿಸುವವನಿಗೂ ಕುದುರೆ ನಿಂತ ದಿನ ಒಲೆಯೂ ತಣ್ಣಗಾಗುತ್ತದೆ. ಅವನಿಗೆ ದಯೆಯನ್ನು ಉಪದೇಶಿಸುವುದು ಸುಲಭ; ಅವನ ಮಕ್ಕಳ ಹಸಿವನ್ನು ಹಂಚಿಕೊಳ್ಳುವುದು ಸುಲಭವಲ್ಲ. ಆದುದರಿಂದ ಬೆಲೆ ತೆರಬೇಕಾದವನು ಅವನೊಬ್ಬನೇ ಅಲ್ಲ. ಆ ಬೆನ್ನಿನ ಮೇಲೆ ಕುಳಿತವನೂ, ಆ ಇಟ್ಟಿಗೆಯಿಂದ ಮನೆ ಕಟ್ಟಿದವನೂ ಆ ದುಡಿಮೆಯ ಪಾಲುದಾರರು. ಕುಂಟುವ ಕುದುರೆಯನ್ನು ಏರದಿರುವುದು, ಅದರ ಒಡೆಯನಿಗೆ ಆ ದಿನದ ಕೂಲಿಯನ್ನು ಕೊಟ್ಟು ನಡೆದು ಹೋಗುವುದು ನಮ್ಮ ಕೈಯಲ್ಲಿದೆ.

ಇದು ಸಮಾಜದ ಹೊಣೆಯೆಂಬ ಭಾವನೆ ನಮ್ಮ ನಾಡಿಗೆ ಹೊಸದಲ್ಲ. ಆದವಾನಿಯಂತೆ ಕರ್ನೂಲು ಸೀಮೆಗೇ ಸೇರಿದ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಅವುಗಳಲ್ಲಿ ಎರಡನೆಯದು, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದುದನ್ನೂ, ಇಬ್ಬರಿಗೂ ಬೇಕಾದ ಮೂಲಿಕೆಗಳನ್ನು ಇಲ್ಲದೆಡೆಗಳಲ್ಲಿ ತರಿಸಿ ನೆಡಿಸಿದುದನ್ನೂ, ದಾರಿಗಳಲ್ಲಿ ಬಾವಿ ತೋಡಿಸಿದುದನ್ನೂ ಹೇಳುತ್ತದೆ. ಎರಡು ಚಿಕಿತ್ಸೆಗಳನ್ನು ಒಂದೇ ಉಸಿರಿನಲ್ಲಿ ಹೇಳಿರುವುದನ್ನು ಗಮನಿಸಬೇಕು. ಪಶುಚಿಕಿತ್ಸೆಯನ್ನು ಒಡೆಯನ ಜೇಬಿಗೆ ಬಿಡದೆ ರಾಜ್ಯವೇ ವಹಿಸಿಕೊಂಡಿತು.

ನಮ್ಮ ವಿದ್ಯಾರ್ಥಿಗಳಲ್ಲಿ ಕುದುರೆಯನ್ನು ಸಾಕುವವರು ವಿರಳ. ಆದರೆ ಎತ್ತು, ಎಮ್ಮೆ, ಕತ್ತೆಗಳ ದುಡಿಮೆಯನ್ನು ಅವರು ನಿತ್ಯವೂ ಕಾಣುತ್ತಾರೆ. ಬೀದಿಯಲ್ಲಿ ಕಾಲೆಳೆಯುವ ಪ್ರಾಣಿಯನ್ನು ಕಂಡಾಗ ಅದಕ್ಕೆ ಯಾವ ಮದ್ದು ಎಂದು ಕೇಳುವ ಮೊದಲು, ಅದಕ್ಕೆ ಎಷ್ಟು ದಿನದ ಬಿಡುವು ಬೇಕು, ಆ ಬಿಡುವನ್ನು ನಮ್ಮಲ್ಲಿ ಯಾರು ಕೊಡಬಲ್ಲೆವು ಎಂದು ಕೇಳುವ ಅಭ್ಯಾಸ ಅವರಲ್ಲಿ ಬೆಳೆದರೆ ಸಾಕು.