ಮೂಗಿನ ಕೋಶಕ್ಕೆ ಗೊತ್ತಿರುವ ಕೆಲಸ

ಅಪ್ಪನ ಕೈ ನಡುಗಲು ಶುರುವಾಗುವ ಎಷ್ಟೋ ವರ್ಷ ಮೊದಲೇ ಅವರಿಗೆ ವಾಸನೆ ಹೋಗಿತ್ತು. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಘಾಟು ತುಂಬಿದ್ದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದರು. ನಾವು ನಕ್ಕಿದ್ದೆವು. ಪಾರ್ಕಿನ್‌ಸನ್ ಕಾಯಿಲೆ ಹಲವರಲ್ಲಿ ಮೊದಲು ಮೂಗನ್ನೇ ಮುಟ್ಟುತ್ತದೆ ಎಂದು ಆಮೇಲೆ ತಿಳಿಯಿತು.

ಹಾಗಾಗಿ ಮೂಗಿನ ಆಕರಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಮೆದುಳಿಗೆ ಕಸಿ ಮಾಡುವ ಸುದ್ದಿ ಓದಿದಾಗ ಎದ್ದು ಕೂತೆ. ವಾಸನೆ ಹಿಡಿಯುವ ನರಕೋಶಗಳು ಮೂಗಿನಲ್ಲಿ ಬದುಕಿಡೀ ಸಾಯುತ್ತ, ಮತ್ತೆ ಹುಟ್ಟುತ್ತ ಇರುತ್ತವೆ. ಮೆದುಳಿನ ಬಹುಪಾಲು ನರಕೋಶಗಳಿಗೆ ಆ ಭಾಗ್ಯವಿಲ್ಲ. 2008ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ, ಪಾರ್ಕಿನ್‌ಸನ್ ರೋಗಿಗಳ ಮೂಗಿನಿಂದಲೇ ತೆಗೆದು ಬೆಳೆಸಿದ ಕೋಶಗಳನ್ನು ಇಲಿಗಳ ಮೆದುಳಿಗೆ ಹಾಕಿದ್ದರು. ಒಂದು ಪಕ್ಕದ ಡೋಪಮೀನ್ ಕೋಶಗಳನ್ನು ಕಳೆದುಕೊಂಡು ವಾಲಿ ನಡೆಯುತ್ತಿದ್ದ ಆ ಇಲಿಗಳು ಸ್ವಲ್ಪ ಸುಧಾರಿಸಿದವು. ಭ್ರೂಣದ ಗೊಡವೆಯಿಲ್ಲ, ದಾನಿಯ ಹಂಗಿಲ್ಲ. ಇದರಲ್ಲಿ ನೈತಿಕ ತೊಡಕಾದರೂ ಎಲ್ಲಿದೆ?

ತೊಡಕು 2014ರ ಒಂದು ವೈದ್ಯಕೀಯ ವರದಿಯಲ್ಲಿ ಕಂಡಿತು. ಹದಿನೆಂಟರ ಹರೆಯದಲ್ಲಿ ಬೆನ್ನುಹುರಿಗೆ ಪೆಟ್ಟಾದ ಯುವತಿಗೆ, ಮೂರು ವರ್ಷದ ನಂತರ ಮೂಗಿನ ಒಳಪದರವನ್ನು ಬೆನ್ನುಹುರಿಗೆ ಕಸಿ ಮಾಡಿದ್ದರು. ಎಂಟು ವರ್ಷ ಕಳೆದ ಮೇಲೆ ಬೆನ್ನುನೋವು. ತೆರೆದು ನೋಡಿದರೆ ಗಡ್ಡೆ, ಅದರ ತುಂಬ ಲೋಳೆ. ಆ ಕೋಶಗಳು ಯಾರಿಗೂ ದ್ರೋಹ ಮಾಡಿರಲಿಲ್ಲ. ಮೂಗಿನಲ್ಲಿದ್ದಾಗ ಏನು ಮಾಡುತ್ತಿದ್ದವೋ ಅದನ್ನೇ ಬೆನ್ನಿನಲ್ಲೂ ಮಾಡುತ್ತಿದ್ದವು. ಅಲ್ಲಿ ಇಟ್ಟಿದ್ದು ಇಡೀ ಒಳಪದರವನ್ನು, ಆರಿಸಿ ಬೆಳೆಸಿದ ಕೋಶಗಳನ್ನಲ್ಲ, ನಿಜ. ಆದರೂ ಮೆದುಳಿನೊಳಗೆ ಹೀಗಾದರೆ ಎಂಬ ಯೋಚನೆ ಬಿಡಲಿಲ್ಲ. ನಮ್ಮದೇ ಕೋಶ ಎಂದಮಾತ್ರಕ್ಕೆ ಅದು ನಮ್ಮ ಮಾತು ಕೇಳಬೇಕೆಂದೇನಿಲ್ಲ.

ಇಲಿಗಳ ಕತೆ ಹೇಳಿದಾಗ ಅಪ್ಪ, "ಇಲೀನ ಒಂದು ಮಾತು ಕೇಳಿದ್ರಂತೇನೋ?" ಅಂದರು. ನಕ್ಕು ಸುಮ್ಮನಾದೆ.

ಅಷ್ಟರಲ್ಲಿ ಬಂಧುವೊಬ್ಬರು ಒಂದು ಕ್ಲಿನಿಕ್ಕಿನ ಜಾಹೀರಾತನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರು. ಸ್ಟೆಮ್ ಸೆಲ್ ಚಿಕಿತ್ಸೆ, ಲಕ್ಷಗಳ ಲೆಕ್ಕದಲ್ಲಿ ದರ. ರಕ್ತಸಂಬಂಧಿ ಕೆಲವು ಕಾಯಿಲೆಗಳನ್ನು ಬಿಟ್ಟರೆ, ಅನುಮತಿ ಪಡೆದ ಪ್ರಯೋಗದ ಹೊರಗೆ ಇಂಥ ಚಿಕಿತ್ಸೆ ಕೂಡದೆಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಅದನ್ನೇ ನೆಪ ಮಾಡಿಕೊಂಡು ಅಪ್ಪನಿಗೆ ತೋರಿಸಲಿಲ್ಲ.

ನೆಪ ಎನ್ನುತ್ತಿದ್ದೇನೆ, ಯಾಕೆಂದರೆ ನಿಯಮ ಸರಿಯಾಗಿಯೇ ಇದೆ. ನಾನು ಸರಿಯೇ ಎಂಬುದು ಬೇರೆ ಮಾತು. ಗಂಡಾಂತರ ತೂಗಿ ನೋಡುವಷ್ಟು ಬುದ್ಧಿ ಅವರಿಗೆ ಇನ್ನೂ ಚೆನ್ನಾಗಿಯೇ ಇದೆ. ಆ ನಡುಕಕ್ಕೆ ಒಗ್ಗಿಹೋಗಿರುವುದು ನಾನು, ಅವರಲ್ಲ. ಈಗಲೂ ಕಾಫಿ ಕೊಟ್ಟರೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಮೂಗಿನ ಹತ್ತಿರ ತರುತ್ತಾರೆ. ಒಂದು ಗಳಿಗೆ ಹಾಗೇ ಹಿಡಿದಿದ್ದು, ಆಮೇಲೆ ಕುಡಿಯುತ್ತಾರೆ.