ಬಸ್ಕಿಯ ಅಪೂರ್ವ

ಪುಣೆಯಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರು ಬಂದು, ಹೆದ್ದಾರಿಯನ್ನು ಬಿಟ್ಟು ಸಹ್ಯಾದ್ರಿಯ ಕಡೆಗೆ ಹೊರಳಿದರೆ, ನೀರಾ ನದಿಯ ದಂಡೆಯಲ್ಲಿ ಭೋರ್ ಪಟ್ಟಣವು ದೊರೆಯುತ್ತದೆ. 1948ರ ಪರ್ಯಂತ ಪಂತಸಚಿವರೆಂಬ ಅರಸರ ಸಂಸ್ಥಾನವಾಗಿದ್ದ ಈ ಊರಿಗೆ ರಾಜವಾಡೆಯನ್ನು ನೋಡುವ ಉದ್ದೇಶದಿಂದ ಹೋದವನು, ಓಣಿಯೊಂದರ ತಾಲೀಮಿನ ಹೊಸ್ತಿಲಲ್ಲಿ ಕುಳಿತು ಇಡೀ ಸಂಜೆಯನ್ನು ಕಳೆದುಬಿಟ್ಟೆ. ನಮ್ಮವರ ಗರಡಿಮನೆಯನ್ನೇ ಮರಾಠಿಗರು ತಾಲೀಮೆನ್ನುವರು. ಎಣ್ಣೆ, ಮಜ್ಜಿಗೆ, ಅರಿಸಿನಗಳಿಂದ ಹದಗೊಂಡ ಕೆಮ್ಮಣ್ಣಿನ ವಾಸನೆಯಾಗಲಿ, ಗೂಡಿನಲ್ಲಿ ಸಿಂಧೂರ ಬಳಿದುಕೊಂಡು ನಿಂತ ಮಾರುತಿಯಾಗಲಿ ಎರಡು ಕಡೆಯೂ ಒಂದೇ.

ಒಂದು ಪಕ್ಕದಲ್ಲಿ, ಎಪ್ಪತ್ತರ ಆಸುಪಾಸಿನ ವಸ್ತಾದರೊಬ್ಬರು ಮಣ್ಣನ್ನು ಮುಟ್ಟಿ ಹಣೆಗೊತ್ತಿಕೊಂಡು ಬಸ್ಕಿ ಹೊಡೆಯುತ್ತಿದ್ದರು: ಕುಳಿತಾಗ ಹಿಮ್ಮಡಿಯು ಮೇಲೇಳುವುದು, ತೋಳು ಬೀಸಿ ಬರುವುದು, ಎದ್ದೊಡನೆ ಮತ್ತೆ ಕುಳಿತುಕೊಳ್ಳುವುದು, ಎಣಿಕೆಯೂ ಉಸಿರೂ ಬೇರೆಯಲ್ಲವೆಂಬಂತಹ ನಿರಾಯಾಸ ಗತಿ. ಇನ್ನೊಂದು ಪಕ್ಕದಲ್ಲಿ, ಇತ್ತೀಚೆಗೆ ತಂದಿರಿಸಿದ ಕಬ್ಬಿಣದ ಚೌಕಟ್ಟಿನ ನಡುವೆ, ಅವರ ಮೊಮ್ಮಗನ ವಯಸ್ಸಿನ ಹುಡುಗನು ಬಾರ್‌ಬೆಲ್ಲನ್ನು ಕತ್ತಿನ ಕೆಳಗೆ ಬೆನ್ನ ಮೇಲೆ ಕೂಡಿಸಿಕೊಂಡು, ಪಾದಗಳನ್ನು ಹೆಗಲಗಲಕ್ಕೆ ಊರಿ, ಬೆರಳುಗಳನ್ನು ಕೊಂಚ ಹೊರಕ್ಕೆ ತಿರುಗಿಸಿ, ಹೊಟ್ಟೆಯ ತುಂಬ ಉಸಿರು ಹಿಡಿದು ಬಿಗಿಮಾಡಿ, ಬೆನ್ನು ಗೂನಾಗದಂತೆಯೂ ಮೊಣಕಾಲು ಒಳಕ್ಕೆ ಕುಸಿಯದಂತೆಯೂ ಮೆಲ್ಲನೆ ಇಳಿಯುತ್ತಿದ್ದನು; ಅವನ ಹಿಮ್ಮಡಿ ಮಾತ್ರ ನೆಲಕ್ಕೆ ಮೊಳೆ ಹೊಡೆದಂತಿತ್ತು. ಐದು ಸಲ ಎದ್ದು, ಕಬ್ಬಿಣವನ್ನು ಕೊಂಡಿಗಳ ಮೇಲಿರಿಸಿ, ಮೂರು ನಿಮಿಷ ಗೋಡೆಗೊರಗಿ ನಿಂತನು. ಅಷ್ಟರಲ್ಲಿ ಹಿರಿಯರು ಅರುವತ್ತು ಮುಗಿಸಿದ್ದರು.

ನೋಡುತ್ತಿದ್ದಂತೆ ನನಗೆ ನನ್ನ ಬಾಲ್ಯದ ಬಸ್ಕಿಗಳು ನೆನಪಾದುವು. ಹದಿಮೂರರ ಮಗ್ಗಿ ತಪ್ಪಿದ್ದಕ್ಕೆ ಮೇಷ್ಟ್ರು ಕಿವಿ ಹಿಡಿಸಿ ಹೊಡೆಸಿದ್ದೂ ಬಸ್ಕಿಯೇ. ಅದೇ ಸಂಜೆ ಅಜ್ಜಿ ಗಣಪನ ಗುಡಿಯಲ್ಲಿ ಕೈಗಳನ್ನು ಅಡ್ಡಹಾಯಿಸಿ, ಅದೇ ಕಿವಿಗಳನ್ನು ಹಿಡಿಸಿ ಮಾಡಿಸಿದ್ದೂ ಬಸ್ಕಿಯೇ. ಒಂದು ಶಿಕ್ಷೆ, ಒಂದು ಪೂಜೆ. ಇಲ್ಲಿ ಹಿರಿಯರದು ವ್ರತ, ಹುಡುಗನದು ಭಾರ ಎತ್ತುವ ಪಂದ್ಯದ ಸಿದ್ಧತೆ. ಮಡಿಚುವ ಮೊಣಕಾಲು ಒಂದೇ ಆಗಿರುವಾಗ ಕರ್ಮವು ನಾಲ್ಕಾದುದು ಹೇಗೆ? ಭಾವದಿಂದಲೆಂದು ಉತ್ತರವಿತ್ತು ಎದ್ದುಹೋಗುವುದು ಸುಲಭ. ಆದರೆ ಭಾವವು ಎಷ್ಟೇ ನಿರ್ಮಲವಾಗಿದ್ದರೂ, ಹೆಗಲ ಮೇಲೆ ನೂರು ಕಿಲೋ ಇರುವಾಗ ಬೆನ್ನು ಗೂನಾದರೆ ಸೊಂಟವು ಅದನ್ನು ಮನ್ನಿಸಲಾರದು. ಶಿಕ್ಷೆಯೆಂದು ಗೊಣಗುತ್ತ ಹೊಡೆದ ಬಸ್ಕಿಯಿಂದಲೂ ತೊಡೆಗೆ ಬಲ ಬಾರದೆ ಇರದು. ಮನಸ್ಸು ಭಕ್ತನಾಗಿರಬಹುದು, ಮೊಣಕಾಲು ಮಾತ್ರ ಹುಟ್ಟು ಮೀಮಾಂಸಕ.

ಇದು ಬರಿಯ ಚಮತ್ಕಾರದ ಮಾತಲ್ಲ. ಜೈಮಿನಿಯ ಪರಂಪರೆಯವರಾದ ಮೀಮಾಂಸಕರನ್ನು ಕಾಡಿದ ಪ್ರಶ್ನೆಯೊಂದುಂಟು: ಯಾಗವು ಇಂದು ಮುಗಿದು ಬೂದಿಯಾಗುತ್ತದೆ, ಫಲವಾದರೋ ಎಂದೋ ಬರುತ್ತದೆ, ಇವೆರಡರ ನಡುವಣ ಅಂತರವನ್ನು ದಾಟಿಸುವ ಸೇತುವೆ ಯಾವುದು? ಕರ್ಮದಿಂದ ಹುಟ್ಟಿ, ಕಣ್ಣಿಗೆ ಕಾಣದೆ ನಿಂತು, ಕಾಲ ಬಂದಾಗ ಫಲವನ್ನೀಯುವ ಶಕ್ತಿಯೊಂದನ್ನು ಕಲ್ಪಿಸಿ, ಅದಕ್ಕೆ ಅವರು 'ಅಪೂರ್ವ'ವೆಂದು ಹೆಸರಿಟ್ಟರು. ಸ್ವರ್ಗದ ವಿಷಯ ನಾನರಿಯೆ. ತೊಡೆಯ ವಿಷಯದಲ್ಲಿ ಮಾತು ಒಪ್ಪುವಂತಿದೆ. ಭಾರ ಹೊತ್ತು ಎದ್ದ ಗಳಿಗೆಯಲ್ಲಿ ಸ್ನಾಯುವು ಬೆಳೆಯುವುದಿಲ್ಲ, ದಣಿಯುತ್ತದೆ. ಬೆಳೆವಣಿಗೆಯೆಲ್ಲ ಆಮೇಲಿನ ಅನ್ನದಲ್ಲಿ, ನಿದ್ರೆಯಲ್ಲಿ, ಏನನ್ನೂ ಮಾಡದ ಒಂದೆರಡು ದಿನಗಳಲ್ಲಿ ನಡೆಯುವುದು. ಆತುರದಿಂದ ದಿನವೂ ಭಾರ ಹೇರುವವನು ತನ್ನ ಅಪೂರ್ವವನ್ನು ತಾನೇ ಕೆಡಿಸಿಕೊಳ್ಳುವನು.

ಅದೇ ಶಾಸ್ತ್ರವು ಕರ್ಮವನ್ನು ಮಾಡಲೇಬೇಕಾದ ನಿತ್ಯವೆಂದೂ ಫಲ ಬಯಸಿ ಮಾಡುವ ಕಾಮ್ಯವೆಂದೂ ವಿಂಗಡಿಸುತ್ತದೆ. ಕಾಮ್ಯಕ್ಕೆ ಸರ್ವಾಂಗವೂ ಸರಿಯಾಗಿರಬೇಕು, ಒಂದಂಗ ತಪ್ಪಿದರೂ ಫಲವಿಲ್ಲ; ನಿತ್ಯವನ್ನು ಯಥಾಶಕ್ತಿ ನಡೆಸಿದರೆ ಸಾಕು, ಆದರೆ ಬಿಟ್ಟರೆ ಪ್ರತ್ಯವಾಯವೆಂಬ ದೋಷ. ಹುಡುಗನ ಬಸ್ಕಿ ಕಾಮ್ಯ, ಹಿರಿಯರದು ನಿತ್ಯ. ಅವರಿಗೆ ಹೊಸ ಬಲದ ಆಸೆಯಿಲ್ಲ; ನೆಲದ ಮೇಲೆ ಉಣ್ಣಲು ಕುಳಿತವರು ಕೈಯೂರದೆ ಏಳಬೇಕು, ಅಷ್ಟೇ. ಕುರ್ಚಿಗೆ ಒಗ್ಗಿಹೋದ ನಮ್ಮಂತಹವರು ಐವತ್ತಕ್ಕೇ ತೀರಿಸುತ್ತಿರುವ ಪ್ರತ್ಯವಾಯವು ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಇದೆಲ್ಲ ದೇಹಾಭಿಮಾನವಲ್ಲವೆ, ಅಳಿಯುವ ಒಡಲಿಗೆ ಇಷ್ಟು ಉಪಚಾರವೇಕೆ, ಎಂದು ವೇದಾಂತಿಗಳು ಕೇಳಬಹುದು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃಗಳೆಂದು ಕನ್ನಡಿಗರು ನೆನೆಯುವ ಕೆ. ವಿ. ಅಯ್ಯರ್ (1897–1980) ಬೆಂಗಳೂರಿನ ಹರ್ಕ್ಯುಲಿಸ್ ವ್ಯಾಯಾಮಶಾಲೆಯ ಗುರುಗಳೂ ಆಗಿದ್ದರು. ಹಠಯೋಗದ ಆಸನಗಳನ್ನೂ ಭಾರಸಾಧನೆಯನ್ನೂ ಒಂದೇ ಪದ್ಧತಿಯಲ್ಲಿ ಕೂಡಿಸಿದ ಅವರಿಗೆ ಶರೀರದ ಸೌಂದರ್ಯದ ವಿಷಯದಲ್ಲಿ ಸಂಕೋಚವೇ ಇರಲಿಲ್ಲ. ನನಗೂ ಆ ಸಂಕೋಚ ಬೇಡವೆನಿಸುತ್ತದೆ. ಅಭಿಮಾನವೇನಾದರೂ ಇದ್ದರೆ ಅದು ಎದೆಯನ್ನೂ ತೋಳನ್ನೂ ಮಾತ್ರ ಬೆಳೆಸಿ, ಕಾಲುಗಳನ್ನು ಪ್ಯಾಂಟಿನೊಳಗೆ ಬಚ್ಚಿಟ್ಟುಕೊಳ್ಳುವವರಲ್ಲಿದೆ. ದೇಗುಲವನ್ನು ದೇಹದಲ್ಲಿಯೇ ಕಂಡ ಬಸವಣ್ಣನವರು ಕಂಬದ ಪದವಿಯನ್ನು ಕಾಲುಗಳಿಗೆ ಕೊಟ್ಟರೆಂಬುದನ್ನು ಅಂಥವರು ಮರೆತಿರಬೇಕು. ಬಾಗಿ ಏಳಬಲ್ಲ ಕಂಬವೆಂಬುದು ಕಲ್ಲಿನ ಗುಡಿಗಳಲ್ಲೆಲ್ಲೂ ಇಲ್ಲ.

ದೀಪ ಹಚ್ಚುವ ಹೊತ್ತಿಗೆ ಹುಡುಗನು ತನ್ನ ಪಂದ್ಯದ ನಿಯಮವನ್ನು ವಿವರಿಸಿದನು: ಸೊಂಟದ ಸಂದಿಯಲ್ಲಿ ತೊಡೆಯ ಮೇಲ್ಮೈ ಮೊಣಕಾಲಿನ ನೆತ್ತಿಗಿಂತ ಕೆಳಗಿಳಿಯಲೇಬೇಕು, ಮೂವರು ತೀರ್ಪುಗಾರರಲ್ಲಿ ಇಬ್ಬರು ಕೆಂಪು ದೀಪ ತೋರಿದರೆ ಎತ್ತಿದ ಭಾರವೂ ಎತ್ತದ ಹಾಗೆಯೇ. ಹೊರಡುವ ಮುನ್ನ ಮಾರುತಿಗೆ ಕೈಮುಗಿದ ನಾನು, ಏನೆನಿಸಿತೋ, ಕಿವಿ ಹಿಡಿದು ಒಂದು ಬಸ್ಕಿ ಹೊಡೆದೆ, ಮೊಣಕಾಲು ಲಟಕ್ಕೆಂದಿತು. ವಸ್ತಾದರು ಮುಗುಳ್ನಕ್ಕು ಸುಮ್ಮನಿದ್ದರು. ಹುಡುಗನು ಮಾತ್ರ ತಲೆಯಾಡಿಸಿ, "ಕಾಕಾ, ಆಳ ಸಾಲದು" ಎಂದನು.